ಕೆನಡಾನಾ, ಅಮೆರಿಕಾನಾ? ಪಿಯುಸಿ ಆದ ಮಗಳ ಡಿಗ್ರಿ ಸೀಟಿಗೆ ನಾವು ಓಡಾಡಿದ ಕಥೆ

ಮಗಳು ಆಗಸ್ಟ್ ಕೊನೆಗೆ ವ್ಯಾಂಕೂವರ್‌ಗೆ ಹೋದಳು. ಅವತ್ತಿನಿಂದ ನೆಂಟರು, ಅವಳ ಕ್ಲಾಸಿನವರ ಅಪ್ಪ-ಅಮ್ಮ, ಯಾರು ಫೋನ್ ಮಾಡಿದರೂ ಒಂದೇ ಪ್ರಶ್ನೆ: "ಅಮೆರಿಕಾಗೂ ಅಪ್ಲೈ ಮಾಡಿದ್ರಂತಲ್ಲ, ಮತ್ತೆ ಕೆನಡಾ ಯಾಕೆ? ಅಗ್ಗ ಅಂತಾನಾ?" ಅಗ್ಗ ಅಂತ ಅಲ್ಲ. ನಮ್ಮ ಕೈಗೆ ಬಂದ ಸೀಟುಗಳಲ್ಲಿ ಕೆನಡಾದ್ದೇ ದುಬಾರಿ ಇತ್ತು. ಹಾಗಾಗಿ ಒಂದು ಸಲ ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು. ಎಂಎಸ್‌ಗೆ ಹೋಗುವವರಿಗೆ ದಾರಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಪಿಯುಸಿ ಆದ ತಕ್ಷಣ ಡಿಗ್ರಿಗೇ ಹೊರಡುವವರಿಗೆ, ಅದೂ ಸ್ಟೇಟ್ ಬೋರ್ಡ್‌ನವರಿಗೆ, ಹೇಳುವವರು ಕಡಿಮೆ.

ನಾವು ಮೈಸೂರಿನವರು. ಮಗಳು ಹತ್ತನೇ ತರಗತಿವರೆಗೆ ಒಂದು ಶಾಲೆ, ಆಮೇಲೆ ಇಲ್ಲೇ ಒಂದು ಪಿಯು ಕಾಲೇಜು. ಅವಳಿಗೆ ಸ್ಟಾಟಿಸ್ಟಿಕ್ಸ್ ಓದಬೇಕು, ಎಂಜಿನಿಯರಿಂಗ್ ಬೇಡ. ಫಸ್ಟ್ ಪಿಯುಸಿ ಮುಗಿದ ರಜೆಯಲ್ಲಿ, ಅಂದರೆ 2024ರ ಬೇಸಿಗೆಯಲ್ಲಿ, ಶುರು ಮಾಡಿದೆವು.

ಮೊದಲ ತೊಡಕು ಯೂನಿವರ್ಸಿಟಿಯದ್ದಲ್ಲ, ಹೆಸರಿನದ್ದು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಮಗಳ ಹಳೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗೆ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ. ಹೆಸರು ಗೊತ್ತಿಲ್ಲ ಅನ್ನುವ ಅರ್ಥದಲ್ಲಿ! ಕೆನಡಾದ ಅರ್ಜಿಯಲ್ಲೂ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗದಲ್ಲೇ ತುಂಬಬೇಕು. ಆಮೇಲೆ ಬ್ಯಾಂಕ್, ಲೈಸೆನ್ಸ್, ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ. ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿದೆವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಇರುವವಳೂ ಇವಳೂ ಒಬ್ಬಳೇ ಅಂತ ನೋಟರಿ ಹತ್ತಿರ ಬಾಂಡ್ ಪೇಪರ್ ಮೇಲೆ ಅಫಿಡವಿಟ್ ಆಯಿತು. ಈ ಅಫಿಡವಿಟ್ ಆಮೇಲೆ ಬ್ಯಾಂಕ್ ಲೋನ್‌ನಿಂದ ಹಿಡಿದು ಎಲ್ಲ ಕಡೆ ಕೆಲಸಕ್ಕೆ ಬಂತು. ಮಕ್ಕಳು ಒಂಬತ್ತು-ಹತ್ತರಲ್ಲಿ ಇದ್ದರೆ ಈಗಲೇ ಪಾಸ್‌ಪೋರ್ಟ್ ತೆಗೆದು ನೋಡಿ.

ಅಮೆರಿಕದ ಅರ್ಜಿಗೆ ಕಾಮನ್ ಆ್ಯಪ್ ಅಂತ ಒಂದು ವ್ಯವಸ್ಥೆ ಇದೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ, ಅದರಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಅಂಕಪಟ್ಟಿ ಅದರಲ್ಲಿ ಒಂದು ಭಾಗ ಅಷ್ಟೇ. 650 ಪದದ ಒಂದು ಪ್ರಬಂಧ, ಹತ್ತು ಚಟುವಟಿಕೆಗಳ ಪಟ್ಟಿ, ಮೇಷ್ಟ್ರುಗಳ ಪತ್ರ, ಶಾಲೆಯ ಕೌನ್ಸೆಲರ್ ತುಂಬುವ ವರದಿ. ಇದರ ಮೇಲೆ ಒಂದೊಂದು ಕಾಲೇಜು ತನ್ನದೇ ಸಣ್ಣ ಪ್ರಬಂಧಗಳನ್ನು ಕೇಳುತ್ತದೆ.

ನಮ್ಮ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಅಂತ ಯಾರಿದ್ದಾರೆ? ಪ್ರಿನ್ಸಿಪಾಲರೇ ಎಲ್ಲ. ಅವರು ಒಳ್ಳೆಯವರು, ಆದರೆ ಅಂಥ ಫಾರಂ ನೋಡಿದವರೇ ಅಲ್ಲ. "ಟಿಸಿ ಬೇಕೇನಮ್ಮಾ?" ಅಂತ ಕೇಳಿದರು. ಭೌತಶಾಸ್ತ್ರದ ಮೇಷ್ಟ್ರು ಖುಷಿಯಿಂದಲೇ ಪತ್ರ ಬರೆದುಕೊಟ್ಟರು. ಕಾಲೇಜಿನ ಲೆಟರ್‌ಹೆಡ್, ಮೂರು ಸಾಲು, ಕೆಳಗೆ ಸೀಲು. ಈ ವಿದ್ಯಾರ್ಥಿನಿ ನನಗೆ ತಿಳಿದಂತೆ ಶಿಸ್ತಿನವಳು, ಅವಳ ನಡತೆ ತೃಪ್ತಿಕರ, ಮುಂದಿನ ಜೀವನ ಶುಭವಾಗಲಿ. ಅಪ್ಪಟ ಕ್ಯಾರೆಕ್ಟರ್ ಸರ್ಟಿಫಿಕೇಟ್! ಮಗಳು ಮತ್ತೆ ಅವರ ಹತ್ತಿರ ಹೋಗಿ ಕೂತಳು. "ಸರ್, ಲ್ಯಾಬ್‌ನಲ್ಲಿ ಪೆಂಡುಲಮ್ ರೀಡಿಂಗ್ ಬೇರೆ ಬೇರೆ ಬಂದಾಗ ನಾನು ನೂರು ಸಲ ತೆಗೆದು ಗ್ರಾಫ್ ಹಾಕಿದ್ದೆನಲ್ಲ, ಅಂಥದ್ದು ಬರೀರಿ" ಅಂದಳು. ಅವರು ನಕ್ಕು, ಎರಡನೇ ಸಲ ಒಂದೂವರೆ ಪುಟ ಬರೆದರು. ಆ ಪತ್ರ ನಾವು ಓದಿಲ್ಲ, ಓದಬಾರದು ಅಂತಲೇ ಇದೆ. ಮೇಷ್ಟ್ರೇ ನೇರವಾಗಿ ಅಪ್‌ಲೋಡ್ ಮಾಡಬೇಕು. ಅವರ ಇಮೇಲ್‌ಗೆ ಬರುವ ಲಿಂಕ್ ಸ್ಪ್ಯಾಮ್‌ಗೆ ಹೋಗಿರುತ್ತದೆ, ಅದನ್ನು ಪಕ್ಕದಲ್ಲಿ ನಿಂತು ಹುಡುಕಿಸಿ.

ಇನ್ನೊಂದು ಗೋಳು: ಅಮೆರಿಕಕ್ಕೆ ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗಿನ ಅಂಕ ಬೇಕು. ಒಂಬತ್ತು-ಹತ್ತು ಒಂದು ಶಾಲೆ, ಹನ್ನೊಂದು-ಹನ್ನೆರಡು ಇನ್ನೊಂದು ಕಾಲೇಜು. ಒಂಬತ್ತನೇ ತರಗತಿ ಮಾರ್ಕ್ಸ್ ಕಾರ್ಡ್ ಯಾರ ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ? ಹಳೆಯ ಶಾಲೆಯ ಕ್ಲರ್ಕ್ ಲೆಡ್ಜರ್ ಹುಡುಕಿ, ಅಂಕಗಳನ್ನು ಹೊಸದಾಗಿ ಟೈಪ್ ಮಾಡಿಸಿ, ಹೆಡ್‌ಮಾಸ್ಟರ್ ಸಹಿ ಹಾಕಿಸಿ ಕೊಡುವಷ್ಟರಲ್ಲಿ ದಸರಾ ರಜೆ ಬಂತು.

ಅಮೆರಿಕದ ಕಾಲೇಜುಗಳು ನೋಡುವ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಗೆ ಬೆಂಗಳೂರಿಗೆ ಹೋಗಿದ್ದೆವು. ಈಗ ಅದು ಪೂರ್ತಿ ಡಿಜಿಟಲ್. ನಮ್ಮದೇ ಲ್ಯಾಪ್‌ಟಾಪ್ ಒಯ್ಯಬೇಕು, ಬ್ಲೂಬುಕ್ ಅನ್ನುವ ಆ್ಯಪ್ ಮೊದಲೇ ಹಾಕಿ ಪರೀಕ್ಷಿಸಿರಬೇಕು. ಕೋವಿಡ್ ಆದಮೇಲೆ ತುಂಬ ಕಾಲೇಜುಗಳು ಎಸ್‌ಎಟಿ ಐಚ್ಛಿಕ ಮಾಡಿದವು. ಎಂಐಟಿಯಂಥ ಕೆಲವು ವಾಪಸ್ ಕಡ್ಡಾಯ ಮಾಡಿವೆ. ಕ್ಯಾಲಿಫೋರ್ನಿಯಾದ ಯುಸಿ ಯೂನಿವರ್ಸಿಟಿಗಳು ಕೊಟ್ಟರೂ ನೋಡುವುದಿಲ್ಲ. ಸ್ಟೇಟ್ ಬೋರ್ಡ್ ಮಕ್ಕಳು ಬರೆಯುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ನಮ್ಮ 600ಕ್ಕೆ 580 ಅಂದರೆ ಏನು ಅಂತ ಅಲ್ಲಿಯವರಿಗೆ ಅಂದಾಜು ಸಿಗಲಿಕ್ಕೆ ಇನ್ನೊಂದು ಅಳತೆ ಇದ್ದರೆ ಸಹಾಯ ಅಲ್ವಾ.

ಕೆನಡಾದ ಕೆಲಸ ಇದರ ಮುಂದೆ ಹಗುರ. ಅಲ್ಲಿ ಮುಖ್ಯವಾಗಿ ಅಂಕ. ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಬಹುತೇಕ ಕೋರ್ಸುಗಳಿಗೆ ಪ್ರಬಂಧವೇ ಇಲ್ಲ. ಯುಬಿಸಿ (ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿ) ಪರ್ಸನಲ್ ಪ್ರೊಫೈಲ್ ಅಂತ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ. ವಾಟರ್‌ಲೂನಲ್ಲಿ ಗಣಿತ, ಎಂಜಿನಿಯರಿಂಗ್‌ಗೆ ಬೇರೆ ಮಾಹಿತಿ ಫಾರಂ ಇದೆ. ಒಂಟಾರಿಯೊ ಪ್ರಾಂತ್ಯದ ಯೂನಿವರ್ಸಿಟಿಗಳಿಗೆಲ್ಲ ಓಯುಎಸಿ ಅನ್ನುವ ಒಂದೇ ಬಾಗಿಲು, ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬೇರೆ ಪೋರ್ಟಲ್. ಆದರೆ ಅಂಕ ಅಂದರೆ ಯಾವ ಅಂಕ? ಅವರು ಕೇಳುವುದು ಹನ್ನೆರಡರಲ್ಲಿ ಬರಬಹುದಾದ ಅಂದಾಜು ಅಂಕ. ಸಿಬಿಎಸ್‌ಇ, ಐಎಸ್‌ಸಿ ಶಾಲೆಗಳಲ್ಲಿ ಅದನ್ನು ಬರೆದುಕೊಡುವ ರೂಢಿ ಇದೆ. ನಮ್ಮಲ್ಲಿ "ಪರೀಕ್ಷೆ ಆಗದೆ ಅಂಕ ಹೇಗಮ್ಮ ಕೊಡೋದು?" ಅಂದರು. ಅವರು ಹೇಳುವುದೂ ಸರಿಯೇ. ಕೊನೆಗೆ ಮಿಡ್‌ಟರ್ಮ್ ಅಂಕಗಳನ್ನು ಲೆಟರ್‌ಹೆಡ್ ಮೇಲೆ ಹಾಕಿ, ಇದರ ಆಧಾರದ ಮೇಲೆ ಇಷ್ಟು ನಿರೀಕ್ಷೆ ಅಂತ ಒಂದು ಸಾಲು ಸೇರಿಸಿ ಸಹಿ ಮಾಡಿದರು. ಒಂದು ಮಾತು: ಪ್ರತಿ ಯೂನಿವರ್ಸಿಟಿಯ ಸೈಟಿನಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ಸ್ಟೇಟ್ ಬೋರ್ಡ್‌ಗೆ ಏನು ಹೇಳಿದ್ದಾರೆ ಅಂತ ಫೀಸ್ ಕಟ್ಟುವ ಮೊದಲೇ ಓದಿ. ಎಲ್ಲ ಕಡೆ ಒಂದೇ ಥರ ಇರುವುದಿಲ್ಲ.

ಕನ್ಸಲ್ಟೆನ್ಸಿಗಳ ವಿಷಯ. ನಾವು ಎರಡು ಕಡೆ ಕೂತು ಬಂದೆವು. ಒಬ್ಬರು "ಕೆನಡಾ ಫ್ರೀ ಸರ್, ನೀವು ಒಂದು ರೂಪಾಯಿ ಕೊಡಬೇಡಿ" ಅಂದರು. ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ, ಹಾಗಾಗಿ ತಮ್ಮ ಪಟ್ಟಿಯಲ್ಲಿರುವ ಕಾಲೇಜನ್ನೇ ತೋರಿಸುತ್ತಾರೆ. ಇನ್ನೊಬ್ಬರು ಅಮೆರಿಕದ ಪ್ರಬಂಧ ತಿದ್ದುವುದಕ್ಕೇ ಲಕ್ಷಗಟ್ಟಲೆ ಕೇಳಿದರು. ಎರಡೂ ಬೇಡ ಅಂತ ಎದ್ದು ಬಂದೆವು.

ದುಡ್ಡಿನ ಫಾರಂ ಬಂದಾಗ ಅಮೆರಿಕ ನಿಜವಾಗಿ ಸುಸ್ತು ಮಾಡಿತು. ಅಲ್ಲಿ ಕಾಲೇಜು ಬರೆದಿರುವ ಫೀಸು ಎಲ್ಲರೂ ಕಟ್ಟುವ ಫೀಸಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಕಾಲೇಜುಗಳು ವಿದೇಶಿ ಮಕ್ಕಳಿಗೂ ದುಡ್ಡಿನ ಅನುಕೂಲ ನೋಡದೆ ಸೀಟು ಕೊಟ್ಟು, ಆಮೇಲೆ ಕೊರತೆ ತುಂಬುತ್ತವೆ. ಬೇರೆ ಕಡೆ ನೀವು ಸಹಾಯ ಕೇಳಿದ್ದೀರಿ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ಸೀಟು ತೀರ್ಮಾನಿಸುತ್ತಾರೆ. ಸಹಾಯ ಕೇಳಲು ಹೆಚ್ಚಿನ ಕಡೆ ಸಿಎಸ್‌ಎಸ್ ಪ್ರೊಫೈಲ್ ತುಂಬಬೇಕು. ಮೊದಲ ಕಾಲೇಜಿಗೆ 25 ಡಾಲರ್, ಮುಂದಿನ ಒಂದೊಂದಕ್ಕೆ 16.

ಅದರಲ್ಲಿ ಜಮೀನು ಇದೆಯಾ ಅಂತ ಕೇಳುತ್ತಾರೆ. ಇದೆ. ಹಾಸನದ ಹತ್ತಿರ ಊರಲ್ಲಿ ಎರಡು ಎಕರೆ ಚಿಲ್ಲರೆ, ಪಹಣಿ ಇನ್ನೂ ನಮ್ಮ ಮಾವನವರ ಹೆಸರಲ್ಲಿ, ನಾಲ್ಕು ಜನ ಅಣ್ಣತಮ್ಮಂದಿರು, ಪಾಲಾಗಿಲ್ಲ. ಅದರ ಬೆಲೆ ಎಷ್ಟು ಅಂತ ಬರೆಯೋದು? ನಮ್ಮವರು "ಬಿಟ್ಟುಬಿಡು, ಅದರಿಂದ ವರ್ಷಕ್ಕೆ ಎರಡು ಮೂಟೆ ತೆಂಗಿನಕಾಯಿ ಬರುತ್ತೆ ಅಷ್ಟೇ" ಅಂದರು. ಬಿಡುವುದು ಸರಿಯಲ್ಲ ಅಂತ ನನಗನ್ನಿಸಿತು. ಫಾರಂ ಕೊನೆಯಲ್ಲಿ ವಿಶೇಷ ಸಂಗತಿ ಬರೆಯಲು ಒಂದು ಜಾಗ ಇದೆ. ಅದರಲ್ಲಿ ಇದು ಪಿತ್ರಾರ್ಜಿತ, ಪಾಲಾಗಿಲ್ಲ, ಮಾರುವ ಹಕ್ಕು ನಮ್ಮೊಬ್ಬರಿಗೆ ಇಲ್ಲ ಅಂತ ಬರೆದೆವು. ಒಂದು ಕಾಲೇಜು ಅದರ ಮೇಲೆ ಪ್ರಶ್ನೆ ಕೇಳಿ ಮೇಲ್ ಮಾಡಿತು, ಉತ್ತರ ಕೊಟ್ಟಮೇಲೆ ಸುಮ್ಮನಾಯಿತು.

ಕೆನಡಾದಲ್ಲಿ ಈ ರಗಳೆ ಇಲ್ಲ, ಯಾಕೆಂದರೆ ಸಹಾಯವೂ ಹೆಚ್ಚು ಇಲ್ಲ. ಬರೆದಿರುವ ಫೀಸೇ ಬಹುಮಟ್ಟಿಗೆ ಕಟ್ಟುವ ಫೀಸು. ಟೊರಾಂಟೊ ಯೂನಿವರ್ಸಿಟಿಯ ಲೆಸ್ಟರ್ ಪಿಯರ್ಸನ್ ಸ್ಕಾಲರ್‌ಶಿಪ್‌ನಂಥ ಪೂರ್ತಿ ಖರ್ಚಿನವು ಕೈಬೆರಳಿನಷ್ಟು, ಅದಕ್ಕೂ ಶಾಲೆಯೇ ಹೆಸರು ಸೂಚಿಸಬೇಕು.

ಮಗಳು ಬೋರ್ಡ್ ಪರೀಕ್ಷೆಗೆ ಓದುತ್ತಿರುವಾಗಲೇ ಉತ್ತರಗಳು ಬರತೊಡಗಿದವು. ಕೆನಡಾದವು ಫೆಬ್ರವರಿಯಿಂದಲೇ ಒಂದೊಂದಾಗಿ ಬಂದಿದ್ದವು. ಅಮೆರಿಕದವು ಮಾರ್ಚ್ ಕೊನೆಯಲ್ಲಿ ಒಟ್ಟಿಗೆ. ಬೆಳಿಗ್ಗೆ ಎದ್ದರೆ ಮೇಲ್‌ನಲ್ಲಿ ಒಂದು ಇಲ್ಲ, ಮಾರನೇ ದಿನ ಇನ್ನೊಂದು ಇಲ್ಲ. ಅವಳು ಅತ್ತು, ಮುಖ ತೊಳೆದು, ಕೆಮಿಸ್ಟ್ರಿ ಪುಸ್ತಕ ತೆಗೆದು ಕೂತಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ. ಇದರ ಮಧ್ಯೆ ಏಪ್ರಿಲ್‌ನಲ್ಲಿ ಸಿಇಟಿಯನ್ನೂ ಬರೆದಳು. ಅದು ಅವರಪ್ಪನ ಹಠ. ಇರಲಿ, ಇಲ್ಲೂ ಒಂದು ಸೀಟು ಕೈಯಲ್ಲಿರಲಿ ಅಂತ.

ಕೊನೆಗೆ ಉಳಿದದ್ದು ಮೂರು. ಅಮೆರಿಕದ ಒಂದು ದೊಡ್ಡ ಸರ್ಕಾರಿ ಯೂನಿವರ್ಸಿಟಿ, ಸಹಾಯ ಸೊನ್ನೆ. ಓಹಾಯೋದ ಒಂದು ಸಣ್ಣ ಕಾಲೇಜು, ಸ್ಕಾಲರ್‌ಶಿಪ್ ಕಳೆದು ಊಟ-ವಸತಿ ಸೇರಿ ವರ್ಷಕ್ಕೆ 38 ಸಾವಿರ ಅಮೆರಿಕ ಡಾಲರ್. ಬ್ರಿಟಿಷ್ ಕೊಲಂಬಿಯಾದ ಒಂದು ಯೂನಿವರ್ಸಿಟಿ, ಎಲ್ಲ ಸೇರಿ 61 ಸಾವಿರ ಕೆನಡಾ ಡಾಲರ್. ಆಗ ಅಮೆರಿಕ ಡಾಲರ್ 85-86 ರೂಪಾಯಿ, ಕೆನಡಾದ್ದು 61-62. ಅಂದರೆ ಓಹಾಯೋ ಮೂವತ್ತೆರಡೂವರೆ ಲಕ್ಷ, ಕೆನಡಾ ಮೂವತ್ತೇಳೂವರೆ. ನಾಲ್ಕು ವರ್ಷಕ್ಕೆ ಇಪ್ಪತ್ತು ಲಕ್ಷ ವ್ಯತ್ಯಾಸ.

ಕೆನಡಾ ಅಗ್ಗ ಅನ್ನುವ ಮಾತು ಎಂಎಸ್ ಮತ್ತು ಡಿಪ್ಲೊಮಾದವರಿಂದ ಬಂದದ್ದು ಇರಬೇಕು. ಡಿಗ್ರಿಗೆ ಅದು ಎಲ್ಲ ಕಡೆ ನಿಜವಲ್ಲ. ಟೊರಾಂಟೊದಲ್ಲಿ ವಿದೇಶಿ ವಿದ್ಯಾರ್ಥಿಗೆ ಟ್ಯೂಷನ್, ಅಂದರೆ ಊಟ-ವಸತಿ ಬಿಟ್ಟು ಬರೀ ಓದಿನ ಫೀಸೇ, 60 ಸಾವಿರ ಕೆನಡಾ ಡಾಲರ್ ದಾಟುತ್ತದೆ, ಸುಮಾರು 37 ಲಕ್ಷ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿ 2013ರಿಂದ ಟ್ಯೂಷನ್ ಏರಿಸಿಲ್ಲ. ಅಲ್ಲಿ ವಿದೇಶದವರಿಗೆ 30 ಸಾವಿರ ಡಾಲರ್ ಆಸುಪಾಸು, ಅಂದರೆ 26 ಲಕ್ಷದ ಹತ್ತಿರ. ಹಾಗಂತ ಅಮೆರಿಕ ಅಗ್ಗ ಅಂತಲೂ ಅಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಒಟ್ಟು ಖರ್ಚು ವರ್ಷಕ್ಕೆ 90 ಸಾವಿರ ಡಾಲರ್ ಮೀರುತ್ತದೆ. ಕೆನಡಾದ ಮೆಮೋರಿಯಲ್ ಯೂನಿವರ್ಸಿಟಿಯ ಟ್ಯೂಷನ್ ಟೊರಾಂಟೊದ ಅರ್ಧಕ್ಕಿಂತ ಕಡಿಮೆ. ದೇಶದ ಹೆಸರು ಬಿಟ್ಟು, ಬಂದ ಪತ್ರಗಳನ್ನು ಮುಂದಿಟ್ಟುಕೊಂಡು ರೂಪಾಯಿಯಲ್ಲಿ ಲೆಕ್ಕ ಹಾಕಿ.

ಹಾಗಾದರೆ ದುಬಾರಿಯದನ್ನು ಯಾಕೆ ಆರಿಸಿಕೊಂಡೆವು? ಮನೆಯಲ್ಲಿ ವಾರಗಟ್ಟಲೆ ಇದೇ ಜಗಳ. ನಮ್ಮವರದು ಓಹಾಯೋ, ನನ್ನದು ಕೆನಡಾ. ಓಹಾಯೋದ ಸ್ಕಾಲರ್‌ಶಿಪ್ ಪ್ರತಿ ವರ್ಷ ಇಂತಿಷ್ಟು ಜಿಪಿಎ (ಸರಾಸರಿ ಗ್ರೇಡ್) ಇದ್ದರೆ ಮಾತ್ರ. ಡಿಗ್ರಿ ಆದಮೇಲೆ ಅಮೆರಿಕದಲ್ಲಿ ಒಂದು ವರ್ಷ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ), ಸ್ಟಾಟಿಸ್ಟಿಕ್ಸ್‌ನಂಥ ಸ್ಟೆಮ್, ಅಂದರೆ ವಿಜ್ಞಾನ-ಗಣಿತದ, ವಿಷಯಕ್ಕೆ ಇನ್ನೂ ಎರಡು ವರ್ಷ. ಆಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾಗೆ ಲಾಟರಿ, ವರ್ಷಕ್ಕೆ 85 ಸಾವಿರ ವೀಸಾ, ಇಡೀ ಜಗತ್ತಿನವರು ಸಾಲಿನಲ್ಲಿ. ಕೆನಡಾದಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ, ಲಾಟರಿ ಇಲ್ಲ. 2024ರ ನವೆಂಬರ್‌ನಿಂದ ಅದಕ್ಕೂ ಭಾಷಾ ಪರೀಕ್ಷೆ ಸೇರಿಸಿದ್ದಾರೆ. ಅವಳ ಕೋರ್ಸ್‌ನಲ್ಲಿ ಕೋ-ಆಪ್ ಇದೆ. ಅಂದರೆ ಓದಿನ ಮಧ್ಯೆ ಒಂದೊಂದು ಅವಧಿ ಸಂಬಳ ಕೊಟ್ಟು ಕೆಲಸ ಮಾಡಿಸುತ್ತಾರೆ. ಇವೆಲ್ಲ ನನ್ನ ವಾದ. ಮಗಳು ಮಾತ್ರ ಎರಡೂ ಕಡೆಯ ಕೋರ್ಸ್ ಪಟ್ಟಿ ತೆಗೆದು, "ಓಹಾಯೋದಲ್ಲಿ ಸ್ಟಾಟಿಸ್ಟಿಕ್ಸ್ ಅಂತ ಡಿಪಾರ್ಟ್‌ಮೆಂಟೇ ಇಲ್ಲ ಅಮ್ಮ, ಮ್ಯಾಥ್ಸ್ ಒಳಗೆ ನಾಲ್ಕು ಪೇಪರ್ ಇದೆ ಅಷ್ಟೇ" ಅಂದಳು. ಅಲ್ಲಿಗೆ ಮುಗಿಯಿತು. ಅಮೆರಿಕದ ಕಾಲೇಜಿಗೆ ಮೇ 1ರೊಳಗೆ ಉತ್ತರ ಹೇಳಬೇಕು, ಬರುವುದಿಲ್ಲ ಅಂತ ಬರೆದೆವು.

ಲೋನ್‌ಗೆ ಮನೆ ಅಡ ಇಟ್ಟೆವು. ಇ-ಖಾತಾ, ಮದರ್ ಡೀಡ್, ಕಂದಾಯ ರಸೀದಿ, ಕಾವೇರಿ ಪೋರ್ಟಲ್‌ನಿಂದ ಇ.ಸಿ. ಇದನ್ನೆಲ್ಲ ಬ್ಯಾಂಕಿನ ಪ್ಯಾನೆಲ್ ವಕೀಲರು ಓದಿ ಅಭಿಪ್ರಾಯ ಕೊಡಬೇಕು, ವ್ಯಾಲ್ಯುಯರ್ ಬಂದು ಅಳೆಯಬೇಕು. ವಕೀಲರ ಫೀಸು, ಅಳತೆಯ ಫೀಸು ನಮ್ಮದೇ. ಮಧ್ಯದ ಒಂದು ಕ್ರಯಪತ್ರದ ನಕಲು ಇಲ್ಲ ಅಂತ ಫೈಲ್ ಸುಮ್ನೆ ಮೇಜಿನ ಮೇಲೆ ಕೂತಿತ್ತು. ಅಡ್ಮಿಷನ್ ಬರುವ ಮುಂಚೆಯೇ, ಡಿಸೆಂಬರ್ ಹೊತ್ತಿಗೇ ಆಸ್ತಿ ಪತ್ರಗಳನ್ನು ವಕೀಲರಿಗೆ ತೋರಿಸಿ ಇಟ್ಟುಕೊಂಡರೆ ಒಳ್ಳೆಯದು.

ಇನ್ನು ಸ್ಟಡಿ ಪರ್ಮಿಟ್, ಅಂದರೆ ಕೆನಡಾದಲ್ಲಿ ಓದಲು ಸರ್ಕಾರದ ಅನುಮತಿ. ಮೊದಲು ಎಸ್‌ಡಿಎಸ್ ಅಂತ ಬೇಗ ಆಗುವ ದಾರಿ ಇತ್ತು. 2024ರ ನವೆಂಬರ್ 8ಕ್ಕೆ ಅದನ್ನು ನಿಲ್ಲಿಸಿದರು. ಹಳೆಯ ವಿಡಿಯೊಗಳು ಇನ್ನೂ ಅದನ್ನೇ ಹೇಳುತ್ತವೆ, ನಂಬಬೇಡಿ. 2024ರ ಜನವರಿಯಿಂದ ವಿದ್ಯಾರ್ಥಿಗಳ ಸಂಖ್ಯೆಗೇ ಮಿತಿ ಹಾಕಿದ್ದಾರೆ. ಹಾಗಾಗಿ ಪ್ರಾಂತ್ಯದಿಂದ ಪಿಎಎಲ್ ಅನ್ನುವ ಪತ್ರ ಬೇಕು. ಸೀಟು ಒಪ್ಪಿ ಠೇವಣಿ ಕಟ್ಟಿದ ಮೇಲೆ ಯೂನಿವರ್ಸಿಟಿಯೇ ತರಿಸಿಕೊಡುತ್ತದೆ. ಅದಿಲ್ಲದೆ ಅರ್ಜಿ ಹಾಕಿದರೆ ವಾಪಸ್. ಜೀವನದ ಖರ್ಚಿಗೆ ಜಿಐಸಿ ಅಂತ ಕೆನಡಾದ ಬ್ಯಾಂಕಿನಲ್ಲಿ ಹಣ ಇಡುವುದು ಈಗಲೂ ಸುಲಭದ ಪುರಾವೆ. ನಮಗೆ 20,635 ಡಾಲರ್ ಆಯಿತು, 2025ರ ಸೆಪ್ಟೆಂಬರ್ 1ರಿಂದ ಅದು 22,895 ಆಗಿದೆ. ಆ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಅಲ್ಲಿ ಹೋದಮೇಲೆ ಮಗುವಿಗೆ ಕಂತಿನಲ್ಲಿ ಸಿಗುತ್ತದೆ. ಪರ್ಮಿಟ್ ಫೀಸು 150, ಬಯೋಮೆಟ್ರಿಕ್ಸ್ 85 ಕೆನಡಾ ಡಾಲರ್. ಬೆರಳಚ್ಚು, ಮೆಡಿಕಲ್ ಎರಡೂ ಬೆಂಗಳೂರಿನಲ್ಲಿ ಮಾಡಿಸಿದೆವು.

ಯಾರೂ ಹೇಳದೇ ಇದ್ದ ಸಂಗತಿ ವಯಸ್ಸಿನದ್ದು. ಪಿಯುಸಿ ಮುಗಿದಾಗ ಅವಳಿಗೆ ಹದಿನೇಳು. ಬ್ರಿಟಿಷ್ ಕೊಲಂಬಿಯಾದಲ್ಲಿ ಹತ್ತೊಂಬತ್ತು ತುಂಬುವವರೆಗೆ ಮೈನರ್, ಒಂಟಾರಿಯೊದಲ್ಲಿ ಹದಿನೆಂಟು. ಹದಿನೇಳು ಆಗದವರಿಗೆ ಅಲ್ಲಿ ಒಬ್ಬ ಕಸ್ಟೋಡಿಯನ್, ಅಂದರೆ ಅಪ್ಪ-ಅಮ್ಮನ ಬದಲು ಜವಾಬ್ದಾರಿ ಹೊರುವವರು, ಇರಲೇಬೇಕು. ಆದವರಿಗೆ ಅಧಿಕಾರಿ ಕೇಳಿದರೆ ಕೊಡಬೇಕು. ಕೇಳುವವರೆಗೆ ಕಾಯುವುದು ಬೇಡ ಅಂತ, ವ್ಯಾಂಕೂವರ್ ಪಕ್ಕದ ಸರ್‍ರೆಯಲ್ಲಿರುವ ನಮ್ಮಕ್ಕನ ಮಗನಿಂದ ಆ ಫಾರಂಗೆ ಸಹಿ ಹಾಕಿಸಿ ಅಲ್ಲಿ ನೋಟರಿ ಮಾಡಿಸಿದೆವು, ಇಲ್ಲಿ ನಮ್ಮಿಬ್ಬರ ಸಹಿಗೆ ಬೇರೆ ನೋಟರಿ.

ಕೆನಡಾದಲ್ಲಿ ಸಾಮಾನ್ಯವಾಗಿ ಇಂಟರ್‌ವ್ಯೂ ಇಲ್ಲ. ಎಲ್ಲ ಕಾಗದದ ಮೇಲೆ. ಹಾಗಾಗಿ ಯಾಕೆ ಈ ಕೋರ್ಸ್, ದುಡ್ಡು ಎಲ್ಲಿಂದ ಅಂತ ವಿವರಿಸುವ ಪತ್ರವೇ ನಿಮ್ಮ ಪರವಾಗಿ ಮಾತಾಡಬೇಕು. ಅಮೆರಿಕದ್ದು ತಿರುಗುಮುರುಗು. ಮಗಳ ಗೆಳತಿ ಅರಿಜೋನಾಗೆ ಹೋಗುವವಳಿದ್ದಳು, ಅವಳ ಪಾಡನ್ನು ಹತ್ತಿರದಿಂದ ನೋಡಿದೆ. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆ ಸೆವಿಸ್ ಫೀಸು 350 ಡಾಲರ್, ವೀಸಾ 185 ಡಾಲರ್ ಕಟ್ಟಿ ಇಂಟರ್‌ವ್ಯೂ ಸ್ಲಾಟ್‌ಗೆ ಕಾಯುತ್ತಿದ್ದಾಗ 2025ರ ಮೇ 27ಕ್ಕೆ ಹೊಸ ಸ್ಲಾಟ್ ಕೊಡುವುದನ್ನೇ ನಿಲ್ಲಿಸಿದರು. ಜೂನ್ 18ಕ್ಕೆ ಮತ್ತೆ ಶುರು ಮಾಡಿ, ಸೋಶಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಮಾಡಿ ಅಂದರು. ಚೆನ್ನೈನಲ್ಲಿ ಅವಳು ಹೊತ್ತೊಯ್ದ ದಪ್ಪ ಫೈಲನ್ನು ತೆರೆಯಲೇ ಇಲ್ಲವಂತೆ. ಕೌಂಟರ್‌ನಲ್ಲಿ ನಾಲ್ಕು ಪ್ರಶ್ನೆ, ವೀಸಾ ಆಯಿತು. ಮುಂದಿನವನಿಗೆ ಇಲ್ಲ.

ನಮ್ಮ ಕಾಯುವಿಕೆ ಸದ್ದಿಲ್ಲದ್ದು. ದಿನಾ ಲಾಗಿನ್ ಆಗಿ ನೋಡಿದರೆ ಅದೇ ಸಾಲು, ಪರಿಶೀಲನೆಯಲ್ಲಿದೆ. ಜುಲೈನಲ್ಲಿ ಸಿಇಟಿ ಕೌನ್ಸೆಲಿಂಗ್ ನಡೆಯುತ್ತಿತ್ತು. ಆಪ್ಷನ್ ಎಂಟ್ರಿ ಮಾಡಿದೆವು, ಪರ್ಮಿಟ್ ಬರದಿದ್ದರೆ ಅಂತ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪಾಸ್‌ಪೋರ್ಟ್ ಕಳಿಸಿ ಅನ್ನುವ ಮೇಲ್ ಬಂದ ರಾತ್ರಿ ನಮ್ಮವರು ಮೂರು ಸಲ ಓದಿಸಿಕೊಂಡರು.

ಪಾಸ್‌ಪೋರ್ಟ್‌ನಲ್ಲಿ ಅಂಟಿಸುವುದು ಒಳಗೆ ಹೋಗುವ ವೀಸಾ ಮಾತ್ರ. ಸ್ಟಡಿ ಪರ್ಮಿಟ್ ಕಾಗದ ಅಲ್ಲಿ ಇಳಿದ ವಿಮಾನ ನಿಲ್ದಾಣದಲ್ಲಿ ಪ್ರಿಂಟ್ ಮಾಡಿ ಕೊಡುತ್ತಾರೆ. ಹೆಸರು, ದಿನಾಂಕ, ಕ್ಯಾಂಪಸ್ ಹೊರಗೆ ಕೆಲಸ ಮಾಡಬಹುದು ಅನ್ನುವ ಸಾಲು, ಮೂರನ್ನೂ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ. ಓದಿನ ಅವಧಿಯಲ್ಲಿ ವಾರಕ್ಕೆ 24 ಗಂಟೆ ಮಿತಿ. ಅಡ್ಮಿಷನ್ ಪತ್ರ, ಪಿಎಎಲ್, ಜಿಐಸಿ ಕಾಗದ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಲಗೇಜಿನಲ್ಲಿ ಬೇಡ.

ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ, ಟಿಸಿಎಸ್, ಅದರ ಬಗ್ಗೆ ತುಂಬ ಜನ ಕೇಳುತ್ತಾರೆ. ನಾವು 2025ರಲ್ಲಿ ಕಳಿಸಿದಾಗ ವರ್ಷಕ್ಕೆ ಒಬ್ಬರ ಪ್ಯಾನ್ ಮೇಲೆ 10 ಲಕ್ಷದವರೆಗೆ ಇಲ್ಲ, ಅದರ ಮೇಲೆ ಸ್ವಂತ ದುಡ್ಡಾದರೆ 5%. ಬ್ಯಾಂಕ್ ಲೋನ್‌ನಿಂದ ಹೋದ ಹಣಕ್ಕೆ ಇಲ್ಲವೇ ಇಲ್ಲ. ಉದ್ದೇಶದ ಜಾಗದಲ್ಲಿ ಶಿಕ್ಷಣ ಅಂತಲೇ ನಮೂದಾಗಿದೆಯಾ ನೋಡಿ. ಬೇರೆ ಏನಾದರೂ ಬಿದ್ದರೆ 20%ವರೆಗೆ ಹಿಡಿಯುತ್ತಾರೆ. ನಾವು ಸ್ವಲ್ಪ ನನ್ನ ಖಾತೆಯಿಂದ, ಸ್ವಲ್ಪ ನಮ್ಮವರ ಖಾತೆಯಿಂದ ಕಳಿಸಿದೆವು. ಹಿಡಿದದ್ದು ಆದಾಯ ತೆರಿಗೆಯವರ 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಕಳೆಯಬಹುದು. ನಮ್ಮದು ಇನ್ನು ಬರುವ ಜುಲೈಗೆ. ಜನವರಿಯಲ್ಲಿ ಎರಡನೇ ಸೆಮಿಸ್ಟರ್ ಫೀಸು ಕಟ್ಟಬೇಕು, ಅದಕ್ಕೆ ಬ್ಯಾಂಕಿನವರು ಹೊಸ ಇನ್‌ವಾಯ್ಸ್ ಕೇಳಿದ್ದಾರೆ. ಮಗಳಿಗೆ ನಿನ್ನೆ ಮೆಸೇಜ್ ಹಾಕಿದ್ದೇನೆ, ಇನ್ನೂ ಕಳಿಸಿಲ್ಲ.